ದೊರೆಯ ಹೊಟ್ಟೆ

ದೊರೆ ಡಾಕ್ಟರಮ್ಮನ ಮೇಜಿನ ಮೇಲೆಯೇ ಭೇದಿ ಮಾಡಿಕೊಂಡ. ನಾಯಿಗೆ ಇಂಥ ಹೆಸರಿಟ್ಟವರಿಬ್ಬರೂ ಮೇಜಿನ ಆಚೆಗೊಬ್ಬರು ಈಚೆಗೊಬ್ಬರು ನಿಂತು, ತಪ್ಪೆಲ್ಲ ಎದುರಿನವರದ್ದು ಎನ್ನುವಂತೆ ಮುಖ ಮಾಡಿಕೊಂಡಿದ್ದರು. ಆತ ಟೈಲರ್, ಆಕೆ ನರ್ಸ್. ಹೋದ ವರ್ಷ ಗಂಡ ಹೆಂಡತಿ ಬೇರೆಯಾದಾಗ ಪಾತ್ರೆ, ಮಂಚ, ಬೀರು ಎಲ್ಲ ತಕರಾರಿಲ್ಲದೆ ಹಂಚಿಕೆಯಾಗಿತ್ತು. ನಾಯಿಯನ್ನು ಮಾತ್ರ ಇಬ್ಬರೂ ಬಿಟ್ಟುಕೊಡಲಿಲ್ಲ. ಹೀಗಾಗಿ ಒಂದು ವಾರ ಅಲ್ಲಿ, ಒಂದು ವಾರ ಇಲ್ಲಿ. ಭಾನುವಾರ ಗೇಟಿನ ಹತ್ತಿರ ನಾಯಿಯ ಬೆಲ್ಟು ಕೈಯಿಂದ ಕೈಗೆ ಹೋಗುತ್ತಿತ್ತು, ಮಾತಿಲ್ಲ ಕತೆಯಿಲ್ಲ.

"ಏನು ಹಾಕ್ತೀರಿ ಇವನಿಗೆ?"

"ಹಸಿ ಮಾಂಸ, ಲಿವರ್, ಹಸಿ ಮೊಟ್ಟೆ. ತೂಕ ಮಾಡಿ ಮನೇಲೇ ಕಲಸ್ತೀನಿ ಡಾಕ್ಟ್ರೇ. ಮೈ ಕೆರ್ಕೊಳ್ಳೋದು ಎಷ್ಟೋ ಕಮ್ಮಿಯಾಗಿದೆ," ಎಂದಳು ನರ್ಸ್. "ಅಲ್ಲಿ ಏನು ಹಾಕ್ತಾರೋ ಅವರನ್ನೇ ಕೇಳಿ."

"ಅನ್ನ, ಬೇಯಿಸಿದ ಕೋಳಿ. ಹಸೀದು ತಿನ್ನಿಸೋಕೆ ಇವನೇನು ತೋಳಾನಾ ಅಂತ ನೀವೇ ಇವರನ್ನ ಕೇಳಿ," ಎಂದ ಟೈಲರ್.

"ನಾನ್ಯಾಕೆ ಕೇಳ್ಲಿ? ನಾನೇನು ನಿಮ್ಮ ಪೋಸ್ಟ್ ಆಫೀಸಾ?" ಡಾಕ್ಟರಮ್ಮ ರೇಗಿದರು. "ಹಸೀದಾದ್ರೂ ಸರಿ, ಬೇಯಿಸಿದ್ದಾದ್ರೂ ಸರಿ, ಇಬ್ಬರೂ ಒಂದೇ ಊಟ ಹಾಕಿ. ಶುರುವಿನಲ್ಲಿ ಸ್ವಲ್ಪ ಏರುಪೇರಾಗುತ್ತೆ, ಗಾಬರಿ ಬೇಡ. ತಿಂಗಳು ಬಿಟ್ಟು ಬನ್ನಿ. ಆಗ್ಲೂ ಇದೇ ಹಾಡಾದ್ರೆ ಇವನು ಒಂದೇ ಮನೇಲಿರ್ಬೇಕು. ಇನ್ನೊಬ್ಬರು ಮರೆತುಬಿಡಿ."

ಇಬ್ಬರೂ ಒಟ್ಟಿಗೇ ದೊರೆಯ ಬೆಲ್ಟಿಗೆ ಕೈಹಾಕಿದರು. ಆದರೂ ಹೊರಗೆ ಬಂದು ಆತ ಎಡಕ್ಕೆ ಹೋದ, ಆಕೆ ಬಲಕ್ಕೆ.

ತಿಂಗಳಾದ ಮೇಲೆ ಮತ್ತೆ ಬಂದರು. ದೊರೆಗೆ ಮೇಜಿನ ಮೇಲೆ ನಿಲ್ಲುವ ತ್ರಾಣವೂ ಇರಲಿಲ್ಲ, ಮಲಗಿಬಿಟ್ಟ. ಡಾಕ್ಟರಮ್ಮ ಅವನ ಹೊಟ್ಟೆ ಮುಟ್ಟಿ ನೋಡಿ ತಲೆಯೆತ್ತಿದರು.

"ಒಬ್ಬರಾದ್ರೂ ನನ್ನ ಮಾತು ಕೇಳಿದ್ರಾ?"

"ಆಣೆ ಮಾಡಿ ಹೇಳ್ತೀನಿ, ಕೇಳಿದ್ದೀನಿ," ಎಂದ ಟೈಲರ್. "ಮೂಗಿಗೆ ಬಟ್ಟೆ ಕಟ್ಕೊಂಡು ಹಸಿ ಲಿವರ್ ಕತ್ತರಿಸ್ತಿದ್ದೀನಿ. ಅದಕ್ಕೇಂತ ಬೇರೆ ಕತ್ತರೀನೇ ತಂದಿದ್ದೀನಿ. ಒಂದಗಳು ಅನ್ನ ಹಾಕಿಲ್ಲ."

ನರ್ಸ್ ಅವನ ಕಡೆ ತಿರುಗಿದಳು. "ಹಸೀದಾ? ನೀವಾ?"

"ಹೂಂ. ಯಾಕೆ?"

"ಅಯ್ಯೋ ಕರ್ಮವೇ! ನಾನು ಅದನ್ನೆಲ್ಲ ಬಿಟ್ಟು ಅನ್ನ, ಕೋಳಿ ಬೇಯಿಸಿ ಹಾಕ್ತಿದ್ದೀನಲ್ರೀ! ನಿಮ್ಮ ಹಠ ಗೊತ್ತಿಲ್ವಾ ನಂಗೆ? ನೀವಂತೂ ಬಗ್ಗೋರಲ್ಲ, ನಾಯಿ ಕೈತಪ್ಪಿ ಹೋಗುತ್ತಲ್ಲಾಂತ ಭಯವಾಯ್ತು."

"ನಿನ್ನ ಹಠವೇನು ಕಮ್ಮೀನಾ?" ಎಂದ ಆತ. ಆಮೇಲೆ ಸಣ್ಣ ದನಿಯಲ್ಲಿ, "ನನಗೂ ಅದೇ ಭಯ," ಎಂದ.

ಡಾಕ್ಟರಮ್ಮ ಇಬ್ಬರನ್ನೂ ಮಿಕಿಮಿಕಿ ನೋಡಿದರು. "ಅಲ್ರೀ, ಒಂದು ಫೋನ್ ಮಾಡೋಕೆ ಏನಾಗಿತ್ತು ನಿಮಗೆ?"

ನರ್ಸ್ ದೊರೆಯ ಕಿವಿ ಸವರತೊಡಗಿದಳು, ಟೈಲರ್ ಬೆನ್ನು.

"ಹೋಗ್ಲಿ, ಆಗಿದ್ದಾಯ್ತು. ಇನ್ನೊಂದೇ ಒಂದು ತಿಂಗಳು ಕೊಡ್ತೀನಿ. ನನ್ನೆದುರೇ ತೀರ್ಮಾನ ಆಗ್ಲಿ. ಈಗ ಹಾಕ್ತಿರೋ ಊಟ ಬದಲಾಯಿಸೋರು ಯಾರು?"

ಇಬ್ಬರೂ ಒಂದೇ ಉಸಿರಿನಲ್ಲಿ ಹೇಳಿದರು, "ನಾನು."