ಅಣ್ಣ ಮಾಡಿದ ಪಾಲು

"ಅಂಚು ಬರೆದೋನು ನಾನು, ಸೆರಗು ಬರೆದೋನು ನಾನು. ನೀನು ಬರೀ ಗುಂಡಿ ಒತ್ತಿದೋನು ಕಣೋ!"

"ಒತ್ತದೇ ಇದ್ದಿದ್ರೆ ನಿನ್ನ ಅಂಚೆಲ್ಲಾ ಇಲಿ ತಿಂದಿರೋದು ಅಣ್ಣ," ಎಂದ ಚೌಡೇಶ್.

ಮುನಿಕೃಷ್ಣ ಕುರ್ಚಿ ಒದ್ದು ಎದ್ದ. ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಮಗ್ಗಗಳ ಸದ್ದನ್ನೂ ಮೀರಿ ಕೂಗಬಲ್ಲವನು ಅವನೊಬ್ಬನೇ. ಅಣ್ಣ ತಮ್ಮ ಬೇರೆಯಾಗುವುದು ತೀರ್ಮಾನವಾಗಿತ್ತು. ಮನೆ ಎರಡಾಯಿತು, ಹನ್ನೆರಡು ಮಗ್ಗ ಆರಾರು ಆಯಿತು. ಉಳಿದದ್ದು ಕಂಪ್ಯೂಟರಿನಲ್ಲಿದ್ದ ಮುನ್ನೂರು ಸೀರೆ ಡಿಸೈನು. ಅವು ತಮ್ಮನ ಕೈಗೆ ಸಿಕ್ಕರೆ ದೀಪಾವಳಿ ಹೊತ್ತಿಗೆ ಅದೇ ಸೀರೆ ನೇಯ್ದು ಎದುರು ಬೀದಿಯಲ್ಲೇ ಅಗ್ಗಕ್ಕೆ ಮಾರುತ್ತಾನೆ. ಅದೊಂದು ಆಗಕೂಡದಿತ್ತು.

ಆ ಕಂಪ್ಯೂಟರೂ ಜಗಳದಲ್ಲೇ ಹುಟ್ಟಿದ್ದು. ಹೋದ ವರ್ಷ, ತೊಂಬತ್ತೆಂಟರಲ್ಲಿ, ಡಿಸೈನ್ ಪ್ರೋಗ್ರಾಮು ನಡೆಯುವ ಡಾಸೇ ಬೇಕೆಂದ ಅಣ್ಣ. ಅಂಗಡಿಗಳಿಗೆ ಬಣ್ಣದ ಕ್ಯಾಟಲಾಗ್ ಕಳಿಸಲು ವಿಂಡೋಸೇ ಬೇಕೆಂದ ತಮ್ಮ. ಬೆಂಗಳೂರಿನಿಂದ ಬಂದ ಮುರಳಿ ಎರಡನ್ನೂ ಒಂದೇ ಡಬ್ಬದಲ್ಲಿ ಕೂರಿಸಿದ. ಸ್ವಿಚ್ ಹಾಕಿದರೆ ಪರದೆಯೇ ಕೇಳುತ್ತಿತ್ತು, ಡಾಸಾ, ವಿಂಡೋಸಾ ಎಂದು. ಒಳಗೆ ರೇಡ್ ಎಂಬ ಕಾರ್ಡೊಂದು, ಅದಕ್ಕೆ ಜೋಡಿ ಹಾರ್ಡ್ ಡಿಸ್ಕು.

"ಎರಡ್ಯಾಕಪ್ಪ?" ಎಂದಿದ್ದ ಮುನಿಕೃಷ್ಣ.

"ಒಂದು ಕೆಟ್ಟೋದ್ರೂ ಇನ್ನೊಂದು ಕೈ ಬಿಡಲ್ಲ ಅಣ್ಣ. ಅದು ಹೆಂಗಂದ್ರೆ..."

"ಗೊತ್ತಾಯ್ತು ಬಿಡು. ಏಳನೇ ಕ್ಲಾಸು ನಾನೂ ಪಾಸಾಗಿದೀನಿ."

ಗೊತ್ತಾಗದೇ ಏನು? ಎರಡು ಸಿಸ್ಟಮು, ಎರಡು ಡಿಸ್ಕು. ಮೇಲಿನದು ಹಿರಿಯನ ಡಾಸು, ಕೆಳಗಿನದು ಕಿರಿಯನ ವಿಂಡೋಸು. ಆಯುಧಪೂಜೆಯ ದಿನ ಮುಚ್ಚಳ ಬಿಚ್ಚಿಸಿ ಮೇಲಿನ ಡಿಸ್ಕಿಗೆ ಮಾತ್ರ ಕುಂಕುಮ ಇಟ್ಟಿದ್ದ. ಕೆಳಗಿನದಕ್ಕೆ ಬೇಕಾದರೆ ತಮ್ಮನೇ ಇಟ್ಟುಕೊಳ್ಳಲಿ.

ಬೀದಿಯ ಹಿರಿಯ ಅಪ್ಪಯ್ಯಣ್ಣ ಎಲೆಯಡಿಕೆ ಉಗಿದು ಬಂದು ಚಾಪೆಯ ಮೇಲೆ ಕೂತರು. "ಕೂಗಾಡಿದ್ದು ಸಾಕು. ಪದ್ಧತಿ ಗೊತ್ತಲ್ಲ? ಪಾಲು ಮಾಡೋನು ದೊಡ್ಡೋನು, ಮೊದಲು ಆರಿಸ್ಕೊಳ್ಳೋನು ಚಿಕ್ಕೋನು."

ದೊಡ್ಡವನ ಕೈ ಶುದ್ಧವಾಗಿರಲಿ ಎಂದು ಯಾರೋ ಪುಣ್ಯಾತ್ಮರು ಮಾಡಿಟ್ಟ ಪದ್ಧತಿ. ಅದಕ್ಕೂ ಒಂದು ದಾರಿ ಇದೆಯೆಂದು ಮುನಿಕೃಷ್ಣ ಬೆಳಗಿನ ಕಾಫಿಗೇ ಕಂಡುಕೊಂಡಿದ್ದ.

ಒಂದು ಪಾಲಿಗೆ ಕಂಪ್ಯೂಟರ್ ಮತ್ತು ಮೇಲಿನ ಡಿಸ್ಕು. ಇನ್ನೊಂದಕ್ಕೆ ಕೆಳಗಿನ ಡಿಸ್ಕು, ಅದರ ಜೊತೆಗೆ ಹೊಚ್ಚಹೊಸ ಪಂಚಿಂಗ್ ಮೆಷಿನ್. ಡಿಸೈನಿನಂತೆ ಮಗ್ಗದ ರಟ್ಟುಗಳಿಗೆ ತೂತು ಹೊಡೆಯುವ ಮೆಷಿನ್ ಅದು, ಆ ಬೀದಿಗೆಲ್ಲ ಅದೊಂದೇ. ರಟ್ಟಿಗೆ ತೂತು ಬೀಳದೆ ಯಾವ ಹೂವೂ ಸೀರೆಗೆ ಇಳಿಯದು. ಅಂಥದ್ದನ್ನೇ ತಮ್ಮನ ಮುಂದಿಟ್ಟ ಅಣ್ಣನ ಉದಾರತೆಗೆ ಅಪ್ಪಯ್ಯಣ್ಣನೇ ತಲೆದೂಗಿದರು.

ಡಿಸೈನೇ ಇಲ್ಲದೆ ಏನಕ್ಕೆ ತೂತು ಹೊಡೀತಾನೆ, ಕಿವಿಗಾ? ಮುನಿಕೃಷ್ಣ ಒಳಗೊಳಗೇ ನಕ್ಕ. ಹೆಚ್ಚೆಂದರೆ ಎರಡು ತಿಂಗಳು. ಆಮೇಲೆ ಮೆಷಿನ್ ಹೊತ್ತುಕೊಂಡು ತಾನೇ ಬಂದು ಕಾಲಿಗೆ ಬೀಳುತ್ತಾನೆ.

ಡಿಸ್ಕು ಬಿಚ್ಚಲು ಕರೆಸಿದ್ದ ಮುರಳಿ ಸ್ಕ್ರೂಡ್ರೈವರ್ ಹಿಡಿದು ಚಡಪಡಿಸಿದ. "ಅಣ್ಣಾ, ಒಂದ್ಮಾತು ಹೇಳ್ಬೇಕಿತ್ತು..."

"ನಿನ್ನ ಕರೆಸಿರೋದು ಸ್ಕ್ರೂ ಬಿಚ್ಚೋಕೆ. ಬಾಯಿ ಬಿಚ್ಚೋಕಲ್ಲ."

ಮುರಳಿ ಸ್ಕ್ರೂ ಬಿಚ್ಚಿದ.

"ಆರಿಸ್ಕೊಳ್ಳಪ್ಪ," ಎಂದರು ಅಪ್ಪಯ್ಯಣ್ಣ.

ಚೌಡೇಶ್ ಎರಡೂ ಡಿಸ್ಕುಗಳನ್ನು ನೋಡಿದ. "ಡಿಸ್ಕು ಯಾವುದಾದ್ರೂ ನಂಗೆ ಒಂದೇ. ಮೆಷಿನ್ ಇರೋ ಪಾಲೇ ಇರ್ಲಿ. ಅಣ್ಣ, ಮನಸಾರೆ ಕೊಡ್ತಿದೀಯ ತಾನೇ?"

"ಮನಸಾರೆ ಕಣೋ. ತಗೊಂಡೋಗಿ ಚೆನ್ನಾಗಿ ಬಾಳು." ಮುನಿಕೃಷ್ಣನ ಕಣ್ಣಲ್ಲಿ ನೀರೇ ಬಂತು. ನಗು ತಡೆದುಕೊಂಡರೆ ಹಾಗಾಗುತ್ತದೆ.

ಕಾಗದಕ್ಕೆ ಸಹಿ ಬಿತ್ತು. ಚೌಡೇಶ್ ಮೆಷಿನನ್ನು ಟೆಂಪೋಗೆ ಏರಿಸಿ, ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡ. 'ಬರ್ತೀನಿ' ಎನ್ನಲಿಲ್ಲ, 'ಹೋಗ್ತೀನಿ' ಎಂದ. ಹೋದ. ಮುಂದೆಂದೂ ಆ ಹೊಸಿಲು ತುಳಿಯಲಿಲ್ಲ.

ಟೆಂಪೋ ತಿರುವು ದಾಟುವವರೆಗೆ ಕಾದು ಮುನಿಕೃಷ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಪಾಪ, ಇನ್ನು ಆ ವಿಂಡೋಸ್ ಹಾಕ್ಕೊಂಡು ಕ್ಯಾಟಲಾಗಿನ ಗೊಂಬೆ ನೋಡ್ಕೊಂಡಿರ್ಲಿ! ಅದೇನೋ ಹೇಳ್ಬೇಕು ಅಂತಿದ್ಯಲ್ಲ ಮುರಳಿ, ಈಗ ಹೇಳಪ್ಪ."

"ಎರಡು ಡಿಸ್ಕಲ್ಲೂ ಇರೋದು ಒಂದೇ ಅಣ್ಣ, ಡಾಸು, ವಿಂಡೋಸು, ನಿಮ್ಮ ಮುನ್ನೂರು ಡಿಸೈನು ಎಲ್ಲಾ, ಚೌಡೇಶಣ್ಣ ಹೋದ ವರ್ಷಾನೇ ಪಕ್ಕದಲ್ಲಿ ಕೂತು ಪೂರ್ತಿ ಕೇಳಿಸ್ಕೊಂಡಿದ್ರು."