ಕಣ್ಣಿದ್ದ ಕಳ್ಳ

ಮರಗಳ ಕೆಳಗೆ ಸಾಲಾಗಿ ಹಾಕಿದ್ದ ಒಂಬತ್ತು ಮಳಿಗೆಗಳಲ್ಲಿ ಎಂಟನೆಯದಕ್ಕೂ ಕಳ್ಳ ಕೈ ಹಾಕಿದ. ಈ ಸಲ ಹೋದದ್ದು ಹೂಜಿಯಕ್ಕನ ನೀಲಿ ಹೂಜಿ. ಕಲಾಮೇಳದ ಮೂರನೆಯ ದಿನ, ಮಟಮಟ ಮಧ್ಯಾಹ್ನ, ಜನ ಗಿಜಿಗುಡುತ್ತಿರುವಾಗಲೇ ಎತ್ತಿಕೊಂಡು ಹೋಗಿದ್ದ.

“ಕಳ್ಳ ಆದ್ರೂ ಕಣ್ಣಿದೆ ಕಣಣ್ಣ ಅವನಿಗೆ,” ಅಂದಳು ಹೂಜಿಯಕ್ಕ, ಅರ್ಧ ಅಳು, ಅರ್ಧ ಹೆಮ್ಮೆ. “ನಲವತ್ತು ಹೂಜಿ ಇಟ್ಟಿದ್ದೆ. ಮನಸ್ಸಿಗೆ ಬಂದ ಹಾಗೆ ಆಗಿದ್ದು ಅದೊಂದೇ. ಅದನ್ನೇ ಆರಿಸಿದಾನೆ ನೋಡಿ, ಹಾಳಾದೋನು! ಎಲ್ಲರ ಹತ್ರಾನೂ ಹಾಗೇನಂತೆ, ಇರೋದ್ರಲ್ಲೇ ಒಳ್ಳೇದು.”

ಪಕ್ಕದ ಮಳಿಗೆಯ ಕೆತ್ತನೆಗಾರ ಹೂಂಗುಟ್ಟಿದ. ಮೂರು ದಿನದಿಂದ ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ. ದೊಡ್ಡ ಚೀಲದವರ ಮೇಲೆ ಗುಮಾನಿ, ಚೀಲವೇ ಇಲ್ಲದವರ ಮೇಲೆ ಇನ್ನೂ ಗುಮಾನಿ. ಬೆಲೆ ಕೇಳದೆ ನೋಡಿದವರು ಕಳ್ಳರು. ಬೆಲೆ ಕೇಳಿದವರು ಕಳ್ಳರ ಕಡೆಯವರು. ಅವನ ಮರದ ಹಕ್ಕಿಗಳಲ್ಲಿ ಒಂದೂ ಮಾರಾಟವಾಗಿರಲಿಲ್ಲ. ಹಾಗೆ ಗುರಾಯಿಸುವವನ ಹತ್ತಿರ ಯಾರು ತಾನೇ ಕೊಂಡಾರು, ಹೇಳಿ!

ಕಾವಲುಗಾರ ನೋಟ್‌ಬುಕ್ ಹಿಡಿದು ಬಂದ. ಹೂಜಿಯನ್ನು ಬರೆದುಕೊಂಡು ಕೆತ್ತನೆಗಾರನ ಕಡೆ ತಿರುಗಿದ. “ಈ ಸಾಲಲ್ಲಿ ಏನೂ ಹೋಗದೆ ಉಳಿದಿರೋದು ನಿಮ್ದೊಂದೇ. ಅದ್ಹೇಗೆ ಸ್ವಾಮಿ?”

“ಹೌದಲ್ಲಾ! ನಿಮ್ದು ಮಾತ್ರ ಯಾಕಣ್ಣ ಹೋಗಿಲ್ಲ?” ಹೂಜಿಯಕ್ಕನೂ ಹುಬ್ಬೇರಿಸಿದಳು.

ತನ್ನನ್ನೇ ಕಳ್ಳ ಅಂದುಕೊಂಡಿದ್ದಾರೆ ಎಂದು ಅವನಿಗೆ ಹೊಳೆಯಿತು. ಅದು ಅಷ್ಟೇನೂ ನೋಯಲಿಲ್ಲ. ಅದರ ಬೆನ್ನಿಗೇ ಹೊಳೆದ ಇನ್ನೊಂದು ಮಾತು ಎದೆಗೆ ನಾಟಿತು: ಅಷ್ಟು ಒಳ್ಳೆಯ ಕಣ್ಣಿದ್ದ ಕಳ್ಳ, ಇಪ್ಪತ್ತು ವರ್ಷ ಉಳಿ ಹಿಡಿದ ತನ್ನ ಕೈಕೆಲಸವನ್ನು ಮಾತ್ರ ಬೇಡ ಅಂದಿದ್ದ.

“ಹೋಗಿದೆ ರೀ,” ಅಂದುಬಿಟ್ಟ. “ಬೆಳಿಗ್ಗೇನೇ ನನ್ನ ಕೊಕ್ಕರೆ ಹೋಗಿದೆ. ಬೇಜಾರಲ್ಲಿ ಹೇಳಲಿಲ್ಲ, ಅಷ್ಟೆ.” ಕಾವಲುಗಾರ ಬರೆದುಕೊಳ್ಳಲು ತಲೆ ಬಗ್ಗಿಸಿದ, ಹೂಜಿಯಕ್ಕ “ಅಯ್ಯೋ, ಇವರದೂ ಅಂತೆ!” ಎಂದು ಆಚೆ ಮಳಿಗೆಯವರನ್ನು ಕೂಗಿದಳು. ಅಷ್ಟರಲ್ಲಿ ಅವನು ಹಕ್ಕಿಗಳ ಹಿಂದಿನ ಸಾಲಿನಲ್ಲಿದ್ದ ಕೊಕ್ಕರೆಯನ್ನು ಮೆಲ್ಲಗೆ ಮೇಜಿನ ಕೆಳಗಿನ ಗೋಣಿಚೀಲಕ್ಕೆ ಇಳಿಸಿದ.

ಸಾಲಿಗೆ ಸಾಲೇ ಬಂದು ಮರುಗಿತು. ಹೂಜಿಯಕ್ಕ ಟೀ ತಂದುಕೊಟ್ಟು, “ಪಾಪ, ನಿಮ್ಮನ್ನ ಸುಮ್ನೆ ಅನುಮಾನಿಸಿದ್ವಿ,” ಎಂದು ಪೇಚಾಡಿಕೊಂಡಳು. ಕೊಕ್ಕರೆಯನ್ನು ಕಣ್ಣೆತ್ತಿಯೂ ನೋಡಿರದವರು ಅದರ ಕತ್ತಿನ ಬಾಗು ನೆನೆಸಿಕೊಂಡು ಲೊಚಗುಟ್ಟಿದರು. ಜೀವಮಾನದಲ್ಲಿ ಅವನ ಕೆಲಸವನ್ನು ಇಷ್ಟು ಜನ ಹೊಗಳಿದ್ದೇ ಇಲ್ಲ. ಅವನಿಗೆ ಖುಷಿಯೋ ಖುಷಿ.

ಸಂಜೆ ಕಳ್ಳ ಗೇಟಿನ ಹತ್ತಿರ ಸಿಕ್ಕಿಬಿದ್ದ. ಇಸ್ತ್ರಿ ಅಂಗಿ ತೊಟ್ಟ, ಸಾಧು ಮುಖದ ಮುದುಕ. ಕದ್ದದ್ದೆಲ್ಲ ಅವನ ಕಾರಿನಲ್ಲೇ ಇತ್ತು. ಕಾವಲುಗಾರ ಅವನನ್ನು ಮಳಿಗೆಗಳ ಮುಂದೆ ಎಳೆದುತಂದು ನಿಲ್ಲಿಸಿದ.

“ಎಂಟೇ ಇದೆ. ಕೊಕ್ಕರೆ ಎಲ್ಲೋ?”

“ಕೊಕ್ಕರೆ ನಾನು ತಗೊಂಡಿಲ್ಲ. ದೇವರಾಣೆ.”

“ಎಂಟು ಕದ್ದೋನಿಗೆ ಆಣೆ ಬೇರೆ ಕೇಡು!” ಕಾವಲುಗಾರ ಛಟೀರನೆ ಕೆನ್ನೆಗೆ ಬಾರಿಸಿ ಮತ್ತೆ ಕೈ ಎತ್ತಿದ.

ಕೆತ್ತನೆಗಾರನಿಗೆ ತಡೆಯಲಾಗಲಿಲ್ಲ. “ಹೊಡೀಬೇಡ್ರೀ!” ಎಂದು ಗೋಣಿಚೀಲಕ್ಕೆ ಕೈ ಹಾಕಿ ಕೊಕ್ಕರೆಯನ್ನು ತೆಗೆದು ಮೇಜಿನ ಮೇಲಿಟ್ಟ. ಹೂಜಿಯಕ್ಕ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ನಾಚಿಕೆಯಿಂದ ಅವನಿಗೆ ಭೂಮಿಗೆ ಇಳಿದುಹೋಗುವಂತಾಯಿತು. ಆದರೂ ಕೇಳದೆ ಇರಲಾಗಲಿಲ್ಲ.

“ನಿಜ ಹೇಳಿ ಯಜಮಾನ್ರೇ. ಇದನ್ನ ಯಾಕೆ ಬಿಟ್ರಿ?”

ಮುದುಕ ಕೆನ್ನೆ ಸವರಿಕೊಳ್ಳುತ್ತ ಕೊಕ್ಕರೆಯನ್ನು ಕೈಗೆತ್ತಿಕೊಂಡ. ತಿರುಗಿಸಿ ನೋಡಿದ, ಬುಡ ನೋಡಿದ, ಜೋಪಾನವಾಗಿ ಮತ್ತೆ ಅಲ್ಲೇ ಇಟ್ಟ. ಆಮೇಲೆ, ಮೂರು ದಿನದಿಂದ ಗಿರಾಕಿಗಳೆಲ್ಲ ಏನೂ ಕೊಳ್ಳದೆ ಹೇಳಿಹೋಗಿದ್ದ ಅದೇ ನಯವಾದ ದನಿಯಲ್ಲಿ ಹೇಳಿದ:

“ಚೆನ್ನಾಗಿದೆ ಸ್ವಾಮಿ. ಒಂದು ಸುತ್ತು ಹಾಕ್ಕೊಂಡು ಬರೋಣ ಅಂತಿದ್ದೆ.”