ಗೇಟು ಕೇಳುವ ಕಾರಣ

ಸಾಂಕ್ರಾಮಿಕ ರೋಗ ಬಂದ ಮೇಲೆ ಬೆಟಗೇರಿಯ ಆ ಓಣಿಯಲ್ಲಿ ಕಾರಣ ಹೇಳದೆ ಯಾವ ಮನೆಯ ಗೇಟೂ ತೆರೆಯುತ್ತಿರಲಿಲ್ಲ. ಹೇಳಿದ ಕಾರಣವನ್ನು ಗೇಟು ಇಡೀ ಓಣಿಗೆ ಕೇಳುವಂತೆ ಸಾರಿ, ಆ ಕೆಲಸಕ್ಕಷ್ಟೇ ಹೊರಗೆ ಬಿಡುತ್ತಿತ್ತು. ಮದುವೆಯಾಗದ ಶಾಂಭವಿಗೆ ಎರಡು ತಿಂಗಳಿಂದ ಮುಟ್ಟು ನಿಂತಿತ್ತು.

“ಹಾಲು ತರಾಕ ಅಂತ ಹೇಳ,” ಎಂದು ಅವ್ವ ಕೈ ಹಿಡಿದಳು. “ಮಂದಿ ಏನಂದಾರು?”

“ಹಾಲು ಅಂದ್ರ ಹಾಲಿನಂಗಡಿಗಷ್ಟ ಬಿಡತೈತಿ, ಅವ್ವಾ. ನನಗ ಡಾಕ್ಟರ್ ಬೇಕು.”

ಶಾಂಭವಿ ಗೇಟಿಗೆ ನಿಜವನ್ನೇ ಹೇಳಿದಳು. “ಶಾಂಭವಿಯ ಮುಟ್ಟು ನಿಂತಿದೆ, ಡಾಕ್ಟರ ಬಳಿ ಹೊರಟಿದ್ದಾಳೆ,” ಎಂದು ಗೇಟು ಸಾರಿ ತೆರೆಯಿತು. ಕಿಟಕಿಗಳು ತೆರೆದವು, ಯಾರೋ ಥೂ ಎಂದರು. ಅವಳು ತಲೆ ಎತ್ತಿಕೊಂಡೇ ನಡೆದಳು.

ಅಷ್ಟರಲ್ಲಿ ಎದುರುಮನೆಯ ಗೇಟು ಸಾರಿತು: “ನಾಗವೇಣಿ ಗರ್ಭ ತಡೆಯುವ ಗುಳಿಗೆ ತರಲು ಹೊರಟಿದ್ದಾಳೆ.”

“ನಿಂದ್ರ ಅಕ್ಕಾ!” ಕಾಲೇಜು ಹುಡುಗಿ ನಾಗವೇಣಿ ಓಡಿಬಂದು ಅವಳ ಕೈ ಹಿಡಿದಳು. “ಕೂಡೇ ಹೋಗೂಣು.”